ಮ್ಯೂಸಿಯಂನ ಕಬ್ಬಿಣದ ಕಪ್ಪೆ

ಬೆಂಗಳೂರಿನ ಆ ಮ್ಯೂಸಿಯಂಗೆ ನಾನು ಇಪ್ಪತ್ತೆರಡು ಸಲ ಹೋಗಿದ್ದೇನೆ. ಒಳಗೆ ಕಾಲಿಟ್ಟಿದ್ದು ಒಂದೇ ಸಲ. ಮಿಕ್ಕ ಇಪ್ಪತ್ತೊಂದು ಸಲವೂ ಹೊರಗೆ ನಿಂತ ಬಸ್ಸಿನಲ್ಲಿ, ಹಿಂದಿನ ಉದ್ದ ಸೀಟಿನ ಮೇಲೆ, ಮುಖಕ್ಕೆ ಟವೆಲ್ ಹಾಕಿಕೊಂಡು ಗೊರಕೆ ಹೊಡೆದಿದ್ದೇನೆ. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ನಾನು ಡ್ರೈವರ್.

ವರ್ಷವಿಡೀ ನಾನು ಓಡಿಸುತ್ತಿದ್ದದ್ದು ಮಧುಗಿರಿ–ಪಾವಗಡ ಲೈನಿನ ಖಾಸಗಿ ಬಸ್ಸು. ಚಳಿಗಾಲ ಬಂತೆಂದರೆ ಸ್ಕೂಲುಗಳ ಟ್ರಿಪ್ಪು ಶುರು. ದೊಡ್ಡೇರಿ ಕಡೆಯ ಒಂದು ಸರ್ಕಾರಿ ಶಾಲೆಯವರಂತೂ ಪ್ರತಿ ವರ್ಷ ನಮ್ಮ ಬಸ್ಸನ್ನೇ ಹೇಳುತ್ತಿದ್ದರು. ಕೋಳಿ ಕೂಗುವ ಮುಂಚೆ ಹೊರಡಬೇಕು, ವಾಂತಿ ಮಾಡುವವರಿಗೆಲ್ಲ ನಿಲ್ಲಿಸಬೇಕು, ಹಾಡು ಹೇಳುವ ಮೇಷ್ಟ್ರುಗಳನ್ನು ಸಹಿಸಬೇಕು, ವಾಪಸ್ಸು ತಂದು ಒಂದೊಂದು ಮಗುವನ್ನೂ ಅದರ ಅಪ್ಪ ಅಮ್ಮನ ಕೈಗೆ ಒಪ್ಪಿಸಬೇಕು. ನನಗೆ ಸ್ಟೇರಿಂಗ್ ಹಿಡಿಯುವುದನ್ನು ಕಲಿಸಿದ ಹಿರಿಯ ಡ್ರೈವರು ಶಿರಾದವರು. ಅವರು ಒಂದು ಮಾತು ಹೇಳಿದ್ದರು: "ದೇಖೋ ಬೇಟಾ, ಮಕ್ಕಳು ನೋಡೋ ಹೊತ್ತಲ್ಲಿ ನೀನು ಮಲಗು. ನೀನೂ ನೋಡೋಕೆ ಹೋದ್ರೆ, ವಾಪಸ್ ಬರೋವಾಗ ಸ್ಟೇರಿಂಗ್ ಮೇಲೆ ಮಲಗ್ತೀಯ." ಆ ಮಾತನ್ನು ನಾನು ಒಂದು ದಿನವೂ ಮೀರಲಿಲ್ಲ. ಮೈಸೂರಿಗೆ ಹೋದರೂ ಮಲಗಿದ್ದೇ, ಬೇಲೂರಿಗೆ ಹೋದರೂ ಮಲಗಿದ್ದೇ.

ತೊಂದರೆ ಶುರುವಾದದ್ದು ಮನೆಯಲ್ಲಿ. ನನ್ನ ಹೆಂಡತಿ ಪಾವಗಡದ ಆಚೆಯವಳು, ಅವಳೂರಿಗೆ ಆಂಧ್ರ ಕೂಗಳತೆ. ಕೋಪ ಬಂದರೂ ಪ್ರೀತಿ ಬಂದರೂ ಅವಳ ಬಾಯಲ್ಲಿ ತೆಲುಗು. ಹತ್ತನೇ ಕ್ಲಾಸಿನಲ್ಲಿ ವಿಜ್ಞಾನದಲ್ಲಿ ಶಾಲೆಗೇ ಮೊದಲು ಬಂದವಳಂತೆ. ಮುಂದೆ ಓದುತ್ತೇನೆ ಅಂತ ಹಟ ಹಿಡಿದಿದ್ದಳಂತೆ. ಅಷ್ಟರಲ್ಲಿ ನಾನು ಗಂಡು ಅಂತ ಹೋಗಿ ಜಗಲಿಯ ಮೇಲೆ ಕೂತುಬಿಟ್ಟೆ. ಮೊದಲ ಸಲ ನಾನು ಮ್ಯೂಸಿಯಂ ಟ್ರಿಪ್ಪು ಮುಗಿಸಿ ಬಂದಾಗ, ಮರುದಿನ ನಾನು ಎದ್ದ ತಕ್ಷಣ ಕಾಫಿ ಲೋಟ ಹಿಡಿದು ಎದುರಿಗೆ ಕೂತಳು.

"ಹೇಳು. ಒಳಗೆ ಏನೇನಿತ್ತು?"

ಅವಳ ಮುಖ ನೋಡಿದರೆ ಮಲಗಿದ್ದೆ ಅನ್ನಲು ನಾಲಗೆ ಏಳಲಿಲ್ಲ. ದೇವರ ದಯೆ, ಹಿಂದಿನ ದಿನ ಬಸ್ಸಿನಲ್ಲಿ ಮಕ್ಕಳು ಕೂಗಾಡಿದ್ದೆಲ್ಲ ಕಿವಿಯಲ್ಲಿತ್ತು. "ಒಂದು ಆವಿ ಇಂಜಿನ್ ಇದೆ, ಅದರ ಚಕ್ರ ನಮ್ಮ ಬಾಗಿಲಿಗಿಂತ ಎತ್ತರ," ಅಂದೆ. "ಒಂದು ಗಾಜಿನ ಉಂಡೆ ಇದೆ, ಮುಟ್ಟಿದರೆ ಒಳಗಿನ ಮಿಂಚು ನಮ್ಮ ಬೆರಳಿಗೇ ಓಡಿ ಬರುತ್ತೆ," ಅಂದೆ. ಅವಳು ಕಣ್ಣು ಮಿಟುಕಿಸದೆ ಕೇಳಿದಳು. ಆ ದಿನದ ಕಾಫಿಗೆ ಸಕ್ಕರೆ ಒಂದು ಚಮಚ ಜಾಸ್ತಿಯೇ ಬಿದ್ದಿತ್ತು.

ಅಲ್ಲಿಂದ ಅದೇ ಅಭ್ಯಾಸವಾಯಿತು. ವಾಪಸ್ಸು ಬರುವಾಗ ಮಕ್ಕಳ ಮಾತಿಗೆ ಕಿವಿ ಕೊಡುವುದು, ಮರುದಿನ ಅವಳಿಗೆ ನೋಡಿದ ಹಾಗೆ ಹೇಳುವುದು. ಸುಳ್ಳು ಅನ್ನಬೇಡಿ. ಒಳಗಿರುವುದನ್ನೇ ಹೇಳುತ್ತಿದ್ದೆ, ಕಣ್ಣು ಮಾತ್ರ ಬೇರೆಯವರದು.

ಒಂದು ವರ್ಷ ಮಾತ್ರ ಕೈಕೊಟ್ಟಿತು. ಸುತ್ತಿ ಸುತ್ತಿ ಬಸವಳಿದ ಮಕ್ಕಳು ಬಸ್ಸು ಹತ್ತಿದ ಕೂಡಲೇ ಮಲಗಿಬಿಟ್ಟವು, ಮೇಷ್ಟ್ರುಗಳೂ ಮಲಗಿದರು. ಮಧುಗಿರಿ ಬೆಟ್ಟ ಕಾಣುವವರೆಗೂ ಒಂದು ನರಪಿಳ್ಳೆಯೂ ಬಾಯಿ ಬಿಡಲಿಲ್ಲ. ಬೆಳಗ್ಗೆ ಅವಳು ಕಾಫಿ ಹಿಡಿದು ಕೂತಳು. ಆ ಸಲ ಮಳೆ ಕೈಕೊಟ್ಟು ಊರಲ್ಲಿ ಹೆಂಗಸರು ಕಪ್ಪೆ ಮದುವೆ ಮಾಡಿದ್ದರು. ಅದೇ ತಲೆಯಲ್ಲಿತ್ತೋ ಏನೋ, ಬಾಯಿಂದ ಬಂದುಬಿಟ್ಟಿತು:

"ಈ ಸಲ ಹೊಸದಾಗಿ ಒಂದು ಕಬ್ಬಿಣದ ಕಪ್ಪೆ ತಂದಿಟ್ಟಿದಾರೆ. ಹಳೇ ಕಾಲದ ಯಂತ್ರ. ಮಳೆ ಬರೋಕೆ ಮೂರು ದಿನ ಮುಂಚೆ ವಟಗುಟ್ಟುತ್ತೆ."

"ಅಬ್ಬಾ!" ಅಂದಳು. ಲೋಟ ಕೆಳಗಿಟ್ಟಳು. "ಎಷ್ಟು ದೊಡ್ಡದು?"

"ಒಂದು ಕೊಳಗದಷ್ಟು," ಅಂದೆ. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಮುಗಿಯಲಿಲ್ಲ. ಆ ಹೊತ್ತಿಗೆ ಅವಳು ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಸೇರಿದ್ದಳು. ಅನ್ನ ಸಾರು ಬಡಿಸುತ್ತಾ ಸಾಲಿನಲ್ಲಿ ಕೂತ ಮಕ್ಕಳಿಗೆಲ್ಲ ಮ್ಯೂಸಿಯಂ ಕತೆ ಹೇಳುತ್ತಾಳಂತೆ. ಅವಳ ಕತೆ ಇದ್ದ ದಿನ ಮಕ್ಕಳು ಸೊಪ್ಪಿನ ಸಾರನ್ನೂ ತಕರಾರಿಲ್ಲದೆ ತಿನ್ನುತ್ತವಂತೆ. ಮಕ್ಕಳ ಬಾಯಲ್ಲಿ ಅವಳು 'ಮ್ಯೂಸಿಯಂ ಅಕ್ಕ'. ಇದು ನನಗೆ ತಿಳಿದದ್ದು ಮುಂದಿನ ವರ್ಷದ ಟ್ರಿಪ್ಪಿನಲ್ಲಿ. ವಾಪಸ್ಸು ಬರುವಾಗ ಹಿಂದಿನಿಂದ ಒಬ್ಬ ಕೂಗಿದ: "ಲೇ, ಕಪ್ಪೆ ಸಿಕ್ತೇನ್ಲಾ?" ಇನ್ನೊಬ್ಬ, "ಇಲ್ಲ ಕಣ್ಲಾ, ರಿಪೇರಿಗೆ ಕೊಟ್ಟವ್ರೇನೋ," ಅಂದ.  ಮನೆಗೆ ಬಂದು, "ಕಪ್ಪೆಯನ್ನ ಮಹಡಿ ಮೇಲೆ ಬೀಗ ಹಾಕಿದ ರೂಮಿನಲ್ಲಿ ಇಟ್ಟುಬಿಟ್ಟಿದಾರೆ," ಅಂದೆ. ಒಂದು ಸುಳ್ಳಿಗೆ ಇನ್ನೊಂದು ಊರುಗೋಲು.

ಹೋದ ವರ್ಷ ಹೆಡ್ ಮೇಡಂ ಅಡುಗೆಯವರೂ ಟ್ರಿಪ್ಪಿಗೆ ಬರಬೇಕು ಅಂದರು. ಆ ಸುದ್ದಿ ತಂದ ದಿನ ಇವಳು ಬಾಗಿಲಿಂದಲೇ ಕೂಗಿಕೊಂಡು ಬಂದಳು. ನಾನು ಸಂತೋಷಪಟ್ಟ ಹಾಗೆ ಮಾಡಿ, ತಪ್ಪಿಸುವ ದಾರಿ ಹುಡುಕಿದೆ. "ನಿನಗೆ ಬಸ್ಸಲ್ಲಿ ತಲೆ ಸುತ್ತುತ್ತೆ," ಅಂದೆ. "ಇಪ್ಪತ್ತು ವರ್ಷದಿಂದ ಡ್ರೈವರ್ ಹೆಂಡ್ತಿ, ಸುತ್ತಿದ್ರೆ ಸುತ್ಲಿ," ಅಂದಳು. "ಮಂಡಿ ನೋವು, ಅಲ್ಲಿ ಮೆಟ್ಟಿಲು ಜಾಸ್ತಿ," ಅಂದೆ. "ನೀನಿದೀಯಲ್ಲ, ಕೈ ಹಿಡ್ಕೋತೀಯ. ನೀನೇ ಎಲ್ಲಾ ತೋರಿಸ್ಬೇಕು ನನಗೆ."

ವಾಪಸ್ಸು ಓಡಿಸಬೇಕಾದರೆ ಹಗಲು ನಿದ್ದೆ ಬೇಕು ಅಂತ ಮಾತೆತ್ತಿದೆ. "ಒಂದ್ ಗಂಟೆ ತಡವಾಗಿ ಮಲ್ಕೋ, ಊರೇನ್ ಮುಳುಗೋಗಲ್ಲ," ಅಂದಳು. 

ಹೊರಡುವ ಬೆಳಗ್ಗೆ ಅವಳು ಹಬ್ಬದ ಸೀರೆ ಉಟ್ಟು, ಕನಕಾಂಬರ ಮುಡಿದು ಮುಂದಿನ ಸೀಟಿನಲ್ಲಿ ಕೂತಿದ್ದಳು. ಅವಳ ಪಕ್ಕಕ್ಕೆ ಏಳನೇ ಕ್ಲಾಸಿನ ಒಂದು ಹುಡುಗಿ ಬಂದು ಅಂಟಿಕೊಂಡಿತು. ಐ.ಡಿ.ಹಳ್ಳಿ ಕಡೆಯದು, ಅರಳು ಹುರಿದ ಹಾಗೆ ಮಾತು, ಕೈಯಲ್ಲಿ ಒಂದು ಡ್ರಾಯಿಂಗ್ ಪುಸ್ತಕ.

"ಅಕ್ಕಾ, ನಮ್ ತಾತ ಕಪ್ಪೇನ ಬರ್ಕೊಂಡ್ ಬಾ ಅಂದೈತೆ. ಹೆಂಗ್ ಮಾಡವ್ರೆ ಅಂತ ನೋಡ್ಕೊಂಡ್ ಬಂದ್ರೆ ಊರಲ್ಲಿ ಕಮ್ಮಾರ್ರ ತಾವ ಒಂದ್ ಮಾಡಿಸ್ತೀನಿ ಅಂದೈತೆ. ಕಳ್ಳೇಕಾಯಿ ಬಿತ್ತಾಕೆ ಸರಿಹೋಯ್ತದಂತೆ."

"ಬರಿ ಬರಿ," ಅಂದಳು ನನ್ನವಳು. "ಇವರೇ ತೋರಿಸ್ತಾರೆ ನೋಡು, ಎಲ್ಲಾ ಗೊತ್ತು ಇವ್ರಿಗೆ."

ನಾನು ಸುಮ್ಮನೆ ಹಾರನ್ ಹೊಡೆದೆ. ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ.

ಕೊರಟಗೆರೆ ದಾಟಿ, ಸ್ವಲ್ಪ ಬಳಸು ದಾರಿಯಾದರೂ ಗೊರವನಹಳ್ಳಿಯಲ್ಲಿ ಕೈ ಮುಗಿದು ಹೋಗುವುದು ಆ ಶಾಲೆಯ ಪದ್ಧತಿ. ನಾನೂ ಒಳಗೆ ಹೋಗಿ ಲಕ್ಷ್ಮಿಯ ಮುಂದೆ ನಿಂತೆ. "ತಾಯೀ, ಅಲ್ಲೊಂದು ಕಬ್ಬಿಣದ ಕಪ್ಪೆ ಇರೋ ಹಂಗೆ ಮಾಡು. ಅದಾಗಲ್ಲ ಅಂದ್ರೆ ಇವತ್ತು ಮ್ಯೂಸಿಯಂಗೆ ರಜಾ ಕೊಡಿಸ್ಬುಡು." ನನ್ನ ಮರ್ಯಾದೆ ಹೋದರೆ ಹೋಗಲಿ, ನಾನು ಬಸ್ಸು ಹತ್ತಿ ಪಾವಗಡಕ್ಕೆ ಹೋಗಿಬಿಡಬಹುದು. ಅವಳು ನಾಳೆ ಬೆಳಗ್ಗೆ ಅದೇ ಮಕ್ಕಳ ಮುಂದೆ ಸೌಟು ಹಿಡಿದು ನಿಲ್ಲಬೇಕು. ನನ್ನ ಮಾತು ನಂಬಿ ಅವಳು ಮಾತು ಕೊಟ್ಟಿದ್ದಳು. 

ಮ್ಯೂಸಿಯಂಗೆ ರಜಾ ಇರಲಿಲ್ಲ.

ಗೇಟಿನ ಕಾವಲುಗಾರ ನನ್ನನ್ನು ನೋಡಿ ಬೆರಗಾದ. "ಏನಣ್ಣಾ, ಇವತ್ತು ನಿದ್ದೆ ಇಲ್ವಾ?" ಅಂತ ಕೇಳಿಯೇಬಿಟ್ಟ. ಇವಳು ಮುಂದೆ ಹೋಗಿದ್ದಳು, ಸದ್ಯ ಕೇಳಿಸಲಿಲ್ಲ. ನಾನು ಬೆರಳು ತುಟಿಗಿಟ್ಟು ಒಳಗೆ ನುಸುಳಿದೆ.

ಒಳಗೆ ಯಾವ ಕಡೆ ಹೋಗಬೇಕು ಅಂತ ನನಗೇನು ಗೊತ್ತು? ಡ್ರೈವರಾದವನು ಎಡಕ್ಕೆ ಹಿಡಿಯಬೇಕು, ಹಿಡಿದೆ. ಇಡೀ ಸಾಲನ್ನು ಕರೆದುಕೊಂಡು ಹೋಗಿ ಶೌಚಾಲಯದ ಮುಂದೆ ನಿಲ್ಲಿಸಿದೆ. "ಮೊದಲು ಎಲ್ಲರೂ ಹೋಗಿ ಬನ್ನಿ, ಆಮೇಲೆ ಟೈಮಿರಲ್ಲ," ಅಂತ ಗತ್ತಿನಿಂದ ಹೇಳಿದೆ. ಹೆಡ್ ಮೇಡಂ, "ನೋಡಿ, ಅನುಭವ ಅಂದ್ರೆ ಇದು," ಅಂದರು. ಇವಳು ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡಳು.

ಆಮೇಲೆ ಆವಿ ಇಂಜಿನ್ ಸಿಕ್ಕಿತು. ಗಾಜಿನ ಉಂಡೆಯೂ ಸಿಕ್ಕಿತು. ಇವಳು ಅಂಗೈ ಇಟ್ಟಳು, ನೇರಳೆ ಬಣ್ಣದ ಮಿಂಚು ಬಂದು ಅವಳ ಐದು ಬೆರಳಿಗೂ ಅಂಟಿಕೊಂಡಿತು. "ನೀನ್ ಹೇಳ್ದಂಗೇ ಐತೆ!" ಅಂತ ನನ್ನ ಕಡೆ ತಿರುಗಿದಳು. ನಾನೂ ಪಕ್ಕದಲ್ಲಿ ಕೈ ಇಟ್ಟೆ. ಮೊದಲ ಸಲ ನೋಡುತ್ತಿದ್ದೇನೆ ಅನ್ನುವುದು ಮುಖದಲ್ಲಿ ಕಾಣಬಾರದು ಅಂತ ಹಲ್ಲು ಕಚ್ಚಿ ಹಿಡಿದಿದ್ದೆ. ಆದರೂ "ಅಯ್ಯಪ್ಪಾ!" ಅಂದುಬಿಟ್ಟೆ.

ಮಹಡಿಯ ಮೇಲೆ ಒಂದು ಕಡೆ ನನ್ನ ಕಾಲು ನಿಂತುಹೋಯಿತು. ಬಸ್ಸಿನದೇ ಇಂಜಿನ್ನು, ಗೇರ್‌ಬಾಕ್ಸು, ಹಲಸಿನ ಹಣ್ಣು ಹೆಚ್ಚಿದ ಹಾಗೆ ಅರ್ಧಕ್ಕೆ ಕೊಯ್ದು ಇಟ್ಟಿದ್ದರು. ಪಕ್ಕದಲ್ಲಿ ಒಂದು ಹಿಡಿ. ತಿರುಗಿಸಿದರೆ ಪಿಸ್ಟನ್ ಏರುತ್ತೆ, ಇಳಿಯುತ್ತೆ, ಒಂದು ಹಲ್ಲಿನ ಚಕ್ರ ಜಾರಿ ಇನ್ನೊಂದನ್ನು ಕಚ್ಚುತ್ತೆ. ಅಷ್ಟು ವರ್ಷ ನಾನು ಗೇರ್ ಹಾಕಿದ್ದು ಬರೀ ಸದ್ದು ಕೇಳಿ, ಕೈಗೆ ಸಿಗುವ ನಡುಕ ನೋಡಿ. ಒಳಗೆ ನಡೆಯುವುದು ಇದು ಅಂತ ಕಣ್ಣಾರೆ ಕಂಡದ್ದು ಆಗಲೇ. ಹಿಡಿ ತಿರುಗಿಸುತ್ತಾ ನಿಂತೆ, ನನ್ನ ಎಡಗಾಲು ತಾನೇ ನೆಲದ ಮೇಲೆ ಕ್ಲಚ್ಚು ತುಳಿಯುತ್ತಿತ್ತು. ಮಕ್ಕಳು ನಕ್ಕವು. ನಾನೂ ನಕ್ಕೆ. ಇಪ್ಪತ್ತೊಂದು ಸಲ ಮಲಗಿ ಇದನ್ನು ಕಳೆದುಕೊಂಡೆನಲ್ಲ ಅಂತ ಹೊಟ್ಟೆಯೂ ಉರಿಯಿತು. ಅಷ್ಟು ಖುಷಿಯಲ್ಲಿ ಕಪ್ಪೆಯನ್ನು ಮರೆತೇಬಿಟ್ಟಿದ್ದೆ.

ಆ ಹುಡುಗಿ ಮರೆತಿರಲಿಲ್ಲ. ಅಲ್ಲಿ ನಿಂತಿದ್ದ ಮ್ಯೂಸಿಯಂನ ಮೇಡಮ್ಮನ್ನೇ ಹಿಡಿದು ಕೇಳಿತು: "ಮಿಸ್, ಮಳೆ ಹೇಳೋ ಕಬ್ಬಿಣದ ಕಪ್ಪೆ ಎಲ್ಲೈತೆ?"

"ಕಪ್ಪೇನಾ? ಅಂಥದ್ದು ಯಾವುದೂ ಇಲ್ಲಮ್ಮ ಇಲ್ಲಿ."

"ಬೀಗ ಹಾಕಿರೋ ರೂಮಲ್ಲಿ ಐತಂತೆ."

"ಇಲ್ಲಮ್ಮ, ನಾನು ಇಲ್ಲಿ ಎಷ್ಟೋ ವರ್ಷದಿಂದ ಇದೀನಿ."

ಮಕ್ಕಳೆಲ್ಲ ನನ್ನ ಹೆಂಡತಿಯ ಕಡೆ ತಿರುಗಿದವು. ಅವಳು ಒಂದು ಹೆಜ್ಜೆ ಮುಂದೆ ಬಂದಳು. ನನ್ನ ಮುಖವನ್ನು ನೋಡಲೂ ಇಲ್ಲ, ನೋಡುವ ಅಗತ್ಯವೇ ಇಲ್ಲ ಅನ್ನುವ ಹಾಗೆ ಹೇಳಿದಳು: "ಇದೆ ಮೇಡಂ. ನಮ್ಮೆಜಮಾನ್ರು ಕಣ್ಣಾರೆ ನೋಡವ್ರೆ. ಅವ್ರು ನನ್ ತಾವ ಸುಳ್ ಹೇಳಲ್ಲ."

ಮ್ಯೂಸಿಯಂನವರು ಒಳ್ಳೆಯವರು. ಜಗಳಕ್ಕೆ ಬರದೆ, "ವಿಚಾರಿಸ್ತೀನಿ, ಅಷ್ಟರಲ್ಲಿ ಇದನ್ನ ನೋಡಿ," ಅಂತ ನಮ್ಮನ್ನು ಮುಂದಿನ ಹಾಲಿಗೆ ಕರೆದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಷ್ಟು ಜನರ ಮುಂದೆ ನನ್ನ ಪರವಾಗಿ ನಿಂತಳಲ್ಲ, ಅದನ್ನು ತಡೆಯಲಾಗಲಿಲ್ಲ.

ಆ ಹಾಲಿನ ಈ ತುದಿಗೊಂದು ಆ ತುದಿಗೊಂದು, ಆಳೆತ್ತರದ ಬಾಂಡ್ಲಿ ನಿಲ್ಲಿಸಿದ ಹಾಗೆ ಎರಡು ತಟ್ಟೆ. ಇಲ್ಲಿ ತಟ್ಟೆಗೆ ಮುಖ ಮಾಡಿ ಕೂತು ಪಿಸುಗುಟ್ಟಿದರೆ ಅಲ್ಲಿ ಕೂತವರಿಗೆ ಕಿವಿಯಲ್ಲಿ ಹೇಳಿದಷ್ಟು ಸ್ಪಷ್ಟ, ನಡುವೆ ನಿಂತವರಿಗೆ ಏನೂ ಕೇಳುವುದಿಲ್ಲ ಅಂತ ಆ ಮೇಡಂ ವಿವರಿಸಿದರು. ಇವಳು ಓಡಿಹೋಗಿ ಆಚೆ ತುದಿಯಲ್ಲಿ ಕೂತಳು. ನಾನು ಈಚೆ ಕೂತೆ. ಬೆನ್ನು ಹಾಲಿನ ಕಡೆಗೆ, ಮುಖ ತಟ್ಟೆಯ ಕಡೆಗೆ.

"ಕೇಳಿಸ್ತಾ?" ಅಂದಳು. ಕಿವಿಯೊಳಗೇ ಕೂತು ಅಂದ ಹಾಗಿತ್ತು.

ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ, ಅವಳಿಗೆ ಮಾತ್ರ ಕೇಳಿಸುತ್ತೆ ಅಂದುಕೊಂಡೆ. ಕಣ್ಣು ಮುಚ್ಚಿದೆ. ಎಲ್ಲಿಂದ ಶುರು ಮಾಡಲಿ ಅಂತ ಮನಸ್ಸಿನಲ್ಲೇ ಮಾತು ಹೊಂದಿಸಿಕೊಂಡೆ.

"ನಾನು ಇಷ್ಟು ವರ್ಷದಲ್ಲಿ ಒಂದ್ಸಲಾನೂ ಒಳಗೆ ಬಂದಿಲ್ಲ ಕಣೆ. ಹೊರಗೆ ಮಲಗಿರ್ತಿದ್ದೆ. ಹುಡುಗ್ರು ಹೇಳಿದ್ದನ್ನೇ ನಿನಗೆ ಹೇಳ್ತಿದ್ದೆ. ಕಪ್ಪೆ ಮಾತ್ರ ನಾನೇ ಕಟ್ಟಿದ್ದು. ತಪ್ಪಾಯ್ತು."

 ಮರುಕ್ಷಣ ಇಡೀ ಹಾಲು ನಡುಗುವ ಹಾಗೆ ಒಂದು ಕೀರಲು ದನಿ:

"ಲೇ, ಕೇಳ್ರೋ! ಡ್ರೈವರಣ್ಣ ಒಂದ್ಸಲಾನೂ ಒಳಿಕ್ ಬಂದೇ ಇಲ್ವಂತೆ! ಕಪ್ಪೆ ಸುಳ್ಳಂತೆ!"

ತಿರುಗಿ ನೋಡಿದರೆ, ಆಚೆ ತಟ್ಟೆಯ ಮುಂದೆ ಕೂತಿದ್ದದ್ದು ಡ್ರಾಯಿಂಗ್ ಪುಸ್ತಕದ ಹುಡುಗಿ. ಅಕ್ಕನನ್ನು ಎಬ್ಬಿಸಿ ತಾನು ಕೂತುಬಿಟ್ಟಿತ್ತು. ನನ್ನವಳು ಪಕ್ಕದಲ್ಲಿ ನಿಂತಿದ್ದಳು. ನಿಂತವಳು ಹಾಗೇ ನೆಲದ ಮೇಲೆ ಕುಸಿದು, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆ ಅಂದುಕೊಂಡೆ. ಎದ್ದು ಓಡಿದೆ.

ಹತ್ತಿರ ಹೋದರೆ ನಗು! ಕಣ್ಣಲ್ಲಿ ನೀರು ಬರುವಷ್ಟು, ಪಕ್ಕೆ ಹಿಡಿದುಕೊಳ್ಳುವಷ್ಟು ನಗು. "ಏಂ ಮನಿಷಿವಯ್ಯಾ ನುವ್ವು!" ಅಂತ ನನ್ನ ತೋಳಿಗೆ ಒಂದು ಕೊಟ್ಟಳು. "ಇಂಥಾ ಮನುಷ್ಯನ್ನ ಕಟ್ಕೊಂಡ್ನಲ್ಲಪ್ಪಾ!" ಅಂತ ಇನ್ನೊಂದು ಕೊಟ್ಟಳು. ಎರಡನೆಯದು ಜೋರಾಗಿಯೇ ಬಿತ್ತು, ಅದರಲ್ಲಿ ಕೋಪವೂ ಇತ್ತು. ಹೆಡ್ ಮೇಡಂ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ಮಕ್ಕಳು ಮಾತ್ರ ನಗಲಿಲ್ಲ. ಸುತ್ತ ನಿಂತು ಅವಳನ್ನೇ ನೋಡುತ್ತಿದ್ದವು. ಅವಳು ಎದ್ದು ನಿಂತು, ಮುಖ ಒರೆಸಿಕೊಂಡಳು.

"ನೋಡ್ರಪ್ಪಾ, ನಾನೂ ಇವತ್ತೇ ಮೊದಲನೇ ಸಲ ಇದನ್ನೆಲ್ಲಾ ನೋಡಿದ್ದು. ಕೇಳಿದ್ದನ್ನ ನಾನೂ ಕಂಡೋಳಂಗೇ ನಿಮಗೆ ಹೇಳ್ಬುಟ್ಟೆ. ಅದು ತಪ್ಪು. ವಿಜ್ಞಾನ ಓದೋರು ಅಂಗೆ ಮಾಡ್ಬಾರ್ದು. ಕೋಪ ಇದ್ರೆ ಈಗ್ಲೇ ಬೈದ್ಬುಡಿ."

ನನಗೆ ತಲೆ ಎತ್ತಲಾಗಲಿಲ್ಲ.  ಹುಡುಗಿ ಪುಸ್ತಕ ಬಿಚ್ಚಿ ನೆಲದ ಮೇಲೆ ಕೂತಿತು.

"ಇರ್ಲಿ ಬುಡಕ್ಕ. ಡ್ರೈವರಣ್ಣಾ, ಇಲ್ ಬಾ. ಅದ್ರ ಬಾಯಿ ಎಷ್ಟಗ್ಲ? ಒಳಗೆ ಏನ್ ಇಕ್ಕುದ್ರೆ ವಟಗುಟ್ತದೆ? ಹೇಳು. ತಾತ ಕಾಯ್ತಾ ಇರ್ತದೆ, ಬರೀ ಕೈಲಿ ಹೋಗಾಕಾಯ್ತದಾ?"

ಅರ್ಧ ಗಂಟೆ ನಾನು ನೆಲದ ಮೇಲೆ ಕೂತು ಕಪ್ಪೆ ಹೇಳಿದೆ. ಸುತ್ತ ಕೂತ ಮಕ್ಕಳು ಒಬ್ಬೊಬ್ಬರು ಒಂದೊಂದು ಭಾಗ ಸೇರಿಸಿದರು. ಹೊಟ್ಟೆಯೊಳಗೆ ಉಪ್ಪು ಇಡಬೇಕು, ಗಾಳಿಯಲ್ಲಿ ತೇವ ಬಂದರೆ ಉಪ್ಪು ನೀರಾಗುತ್ತೆ ಅಂತ ನನ್ನ ಹೆಂಡತಿಯೇ ಹೇಳಿದಳು. ಮ್ಯೂಸಿಯಂನ ಮೇಡಂ ಬಗ್ಗಿ ನೋಡಿ, "ಇದೇನು ಕೆಟ್ಟ ಐಡಿಯಾ ಅಲ್ಲ," ಅಂದರು. ಆ ಮಾತಿಗೆ ಇವಳ ಮುಖ ಅರಳಿದ್ದು ನೋಡಿ ನನಗೂ ಮನಸ್ಸು ಹಗುರವಾಯಿತು.

ಹೊರಗೆ ಬಂದಾಗ ಹೆಡ್ ಮೇಡಂ ನನ್ನ ಕಣ್ಣು ನೋಡಿದರು. "ನೀವು ಮಲಗದೆ ಬಸ್ಸು ಹೊರಡಲ್ಲ," ಅಂದರು. ನಾನು ಟವೆಲ್ ಮುಖಕ್ಕೆ ಹಾಕಿಕೊಂಡು ಮಲಗಿದೆ. ಮಕ್ಕಳು ಮರದ ಕೆಳಗೆ ಪಿಸುಮಾತಿನಲ್ಲಿ ಆಡುತ್ತಿದ್ದವು. ಯಾರಾದರೂ ಸದ್ದು ಮಾಡಿದರೆ ಆ ಹುಡುಗಿಯೇ "ಶ್!" ಅನ್ನುತ್ತಿತ್ತು. ಇವಳು ಮಾತ್ರ, ಇನ್ನೊಂದು ಸಲ ನೋಡಿ ಬರುತ್ತೇನೆ ಅಂತ ಒಬ್ಬಳೇ ಒಳಗೆ ಹೋದಳು.

ಹೊರಟಾಗ ಬಿಸಿಲು ಇಳಿದಿತ್ತು. ದಾಬಸ್‌ಪೇಟೆ ಬರುವ ಹೊತ್ತಿಗೆ ಮಕ್ಕಳು ಒಂದರ ಮೇಲೊಂದು ಒರಗಿ ಮಲಗಿದ್ದವು. ಇವಳು ಸೀಟು ಬಿಟ್ಟು ಬಂದು ನನ್ನ ಪಕ್ಕದ ಬಾನೆಟ್ ಮೇಲೆ ಟವೆಲ್ ಹಾಸಿ ಕೂತಳು. ನಾನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಬೈಗುಳಕ್ಕೆ ಸಿದ್ಧನಾಗಿದ್ದೆ.

"ನೀನ್ ಮಲಗಿದ್ಯಲ್ಲ," ಅಂದಳು, "ಆವಾಗ ನಾನು ಮೂರನೇ ಮಹಡಿಗೆ ಹೋಗಿದ್ದೆ."

"ಹೂಂ," ಅಂದೆ.

"ಅಲ್ಲೊಂದು ಯಂತ್ರ ಐತೆ. ಮುದ್ದೆ ತಿರುವೋದು. ಎಸ್ರು ಕುದಿಯೋದೂ ಅದೇ ನೋಡ್ಕೊಳ್ತದೆ, ಹಿಟ್ಟು ಹಾಕೋದೂ ಅದೇ. ದೊಡ್ಡ ಕೋಲು, ತಾನೇ ಗರಗರ ತಿರುಗ್ತದೆ. ಹೆಂಗಸು ಹೊಗೆಯಿಂದ ದೂರ, ಕೈ ಕಟ್ಕೊಂಡು ಸುಮ್ನೆ ನಿಂತಿರ್ತಾಳೆ. ಬೇಕಾದ್ರೆ ಪುಸ್ತಕ ಓದ್ಕೋಬಹುದು."

ಆ ಕಟ್ಟಡವನ್ನು ನಾನು ಕೆಳಗಿಂದ ಮೇಲಿನವರೆಗೂ ಹತ್ತಿ ಇಳಿದಿದ್ದೆ. ಅದಕ್ಕೆ ಇದ್ದದ್ದು ಎರಡೇ ಮಹಡಿ. ಓರೆಗಣ್ಣಲ್ಲಿ ಅವಳನ್ನು ನೋಡಿದೆ. ಎದುರು ಬರುವ ಗಾಡಿಗಳ ಬೆಳಕು ಅವಳ ಮುಖದ ಮೇಲೆ ಬಂದು ಬಂದು ಹೋಗುತ್ತಿತ್ತು. ಅವಳು ನನ್ನ ಕಡೆ ನೋಡದೆ, ಕೈ ಕಟ್ಟಿಕೊಂಡು ಕೂತಿದ್ದಳು. ಗೇರ್ ಬದಲಿಸಿದೆ.

"ಗಂಟಾಗಲ್ವಾ?" ಅಂತ ಕೇಳಿದೆ.

"ಒಂದೂ ಗಂಟಿಲ್ಲ ಕಣಯ್ಯಾ," ಅಂದಳು.